ಕೀಟನ್ ಹಾಕಿದ ಸಹಿ

ಬಿರುಗಾಳಿ ಊರನ್ನೇ ಕಿತ್ತು ಬಿಸಾಡುತ್ತಿದೆ. ಬೀದಿಯ ನಡುವೆ ಒಬ್ಬ ಯುವಕ ಏನೂ ತೋಚದೆ ನಿಂತಿದ್ದಾನೆ. ಅವನ ಬೆನ್ನ ಹಿಂದಿರುವ ಮನೆಯ ಮುಂಗೋಡೆ ಇಡಿಯಾಗಿ ಕಳಚಿ ಅವನ ಮೇಲೇ ಬೀಳುತ್ತದೆ. ಗೋಡೆಯ ಮೇಲ್ಭಾಗದಲ್ಲಿ ತೆರೆದ ಕಿಟಕಿಯೊಂದಿದೆ. ಅವನು ನಿಂತ ಜಾಗ ಸರಿಯಾಗಿ ಆ ಕಿಟಕಿಯ ಚೌಕಟ್ಟಿನೊಳಗೆ ಬರುತ್ತದೆ. ಧೂಳೆದ್ದು ಅಡಗಿದಾಗ ಗೋಡೆ ನೆಲದ ಮೇಲಿದೆ, ಯುವಕ ನಿಂತಲ್ಲೇ ಇದ್ದಾನೆ, ಮೈಮೇಲೆ ಒಂದು ಗೀರೂ ಇಲ್ಲ. ಇದು 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಚಿತ್ರದ ದೃಶ್ಯ. ಗೋಡೆ ರಟ್ಟಿನದಲ್ಲ, ಎರಡು ಟನ್ ತೂಗುತ್ತಿತ್ತು ಎನ್ನುತ್ತಾರೆ. ಅವನ ಭುಜಕ್ಕೂ ಕಿಟಕಿಯ ಅಂಚಿಗೂ ನಡುವೆ ಉಳಿದದ್ದು ಕೆಲವೇ ಅಂಗುಲ. ಅವನ ಬದಲಿಗೆ ನಿಲ್ಲಲು ಡ್ಯೂಪ್ ಇರಲಿಲ್ಲ. ಒಂದು ಹೆಜ್ಜೆ ಆಚೀಚೆಯಾಗಿದ್ದರೆ ಸಿನಿಮಾದ ಜೊತೆ ನಟನ ಕಥೆಯೂ ಅಲ್ಲಿಗೇ ಮುಗಿಯುತ್ತಿತ್ತು.

ಆ ಗೋಡೆಯಿಂದ ಪಾರಾದ ಬಸ್ಟರ್ ಕೀಟನ್, ಆ ಚಿತ್ರ ತೆರೆಕಂಡ ವರ್ಷವೇ ಒಂದು ಕರಾರುಪತ್ರಕ್ಕೆ ಸಹಿ ಹಾಕಿದ. ಅದರಿಂದ ಪಾರಾಗಲು ಅವನಿಗೆ ಆಗಲಿಲ್ಲ.

ಮೂಕಿಚಿತ್ರ ಎಂದೊಡನೆ ನಮಗೆ ನೆನಪಾಗುವುದು ಚಾಪ್ಲಿನ್. ಅವನ ಮೀಸೆ, ಕೋಲು, ದೊಗಲೆ ಪ್ಯಾಂಟು ಮಕ್ಕಳಿಗೂ ಗೊತ್ತು. ಅದೇ ಕಾಲದಲ್ಲಿ ಅದೇ ಹಾಲಿವುಡ್‌ನಲ್ಲಿ ಅವನಿಗೆ ಸರಿಸಾಟಿಯಾಗಿ ನಿಂತಿದ್ದ ಕೀಟನ್‌ನ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಚಪ್ಪಟೆ ಟೋಪಿ, ದೊಡ್ಡ ಕಣ್ಣು, ಎಂಥ ಅನಾಹುತಕ್ಕೂ ಕದಲದ ಮುಖ. ನಟನೂ ಅವನೇ, ನಿರ್ದೇಶಕನೂ ಅವನೇ. ಅವನ ಬದುಕನ್ನು ಏರಿದ, ಇಳಿದ, ಮತ್ತೆ ಎದ್ದ ಕಥೆಯಾಗಿ ಹೇಳುವುದು ವಾಡಿಕೆ. ನನಗೆ ಅದು ಒಂದು ಪ್ರಶ್ನೆಯನ್ನು ನಮ್ಮ ಮುಂದಿಡುವ ಕಥೆಯಾಗಿ ಕಾಣುತ್ತದೆ: ಕೆಲಸ ಬಲ್ಲವನನ್ನು ಸಂಬಳ ಕೊಟ್ಟು ಕರೆತಂದ ಮಾತ್ರಕ್ಕೆ ಅವನ ಕೆಲಸವೂ ಜೊತೆಗೆ ಬರುತ್ತದೆಯೆ?

ಕೀಟನ್ ಹುಟ್ಟಿದ್ದು 1895ರ ಅಕ್ಟೋಬರ್ 4ರಂದು, ಕಾನ್ಸಾಸ್ ರಾಜ್ಯದ ಪಿಕ್ವಾ ಎಂಬ ಪುಟ್ಟ ಊರಿನಲ್ಲಿ. ಅದು ಅವನ ಅಪ್ಪ ಅಮ್ಮನ ಊರೇನೂ ಆಗಿರಲಿಲ್ಲ. ತಂದೆ ಜೋ, ತಾಯಿ ಮೈರಾ ಇಬ್ಬರೂ ನಮ್ಮ ನಾಟಕ ಕಂಪನಿಯವರಂತೆ ಊರಿಂದೂರಿಗೆ ಅಲೆಯುತ್ತಿದ್ದ ಕಲಾವಿದರು. ಹೆರಿಗೆಯ ಹೊತ್ತಿಗೆ ಬಿಡಾರ ಅಲ್ಲಿತ್ತು, ಅಷ್ಟೆ. ಹಾಡು, ಕುಣಿತ, ಜಾದೂ, ದೊಂಬರಾಟ, ಹಾಸ್ಯ ಎಲ್ಲವನ್ನೂ ಒಂದೇ ಟಿಕೆಟ್ಟಿಗೆ ತೋರಿಸುತ್ತಿದ್ದ ‘ವಾಡೆವಿಲ್’ ರಂಗಭೂಮಿಯ ಕಾಲ ಅದು. ಹುಡುಗ ನಾಲ್ಕೈದು ವರ್ಷದವನಾಗುವಷ್ಟರಲ್ಲಿ ರಂಗಕ್ಕೆ ಬಂದ. ‘ದಿ ತ್ರೀ ಕೀಟನ್ಸ್’ ಎಂಬ ಅವರ ಆಟದಲ್ಲಿ ಅಪ್ಪ ಮಗನನ್ನು ಎತ್ತಿ ಪರದೆಯತ್ತ ಎಸೆಯುತ್ತಿದ್ದ, ವಾದ್ಯದವರು ಕೂರುವ ಗುಂಡಿಗೆ ಬಿಸಾಡುತ್ತಿದ್ದ. ಎತ್ತಿ ಎಸೆಯಲು ಸುಲಭವಾಗಲೆಂದು ಹುಡುಗನ ಅಂಗಿಗೆ ಸೂಟ್‌ಕೇಸಿನ ಹಿಡಿಯೊಂದನ್ನು ಹೊಲಿದಿದ್ದರು.

ಇವತ್ತು ಇದನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ಆಗಲೂ ನ್ಯೂಯಾರ್ಕಿನ ಮಕ್ಕಳ ರಕ್ಷಣೆಯ ಸಂಘ ಮತ್ತೆ ಮತ್ತೆ ತಕರಾರು ತೆಗೆಯಿತು. ಹುಡುಗನ ಬಟ್ಟೆ ಬಿಚ್ಚಿಸಿ ಗಾಯಗಳಿವೆಯೇ ಎಂದು ಅಧಿಕಾರಿಗಳು ಪರೀಕ್ಷಿಸಿದ್ದೂ ಉಂಟು. ತನಗೆ ನೋವಾಗುತ್ತಿರಲಿಲ್ಲ, ಬೀಳುವುದು ಹೇಗೆಂದು ತನಗೆ ಗೊತ್ತಿತ್ತು ಎಂದೇ ಕೀಟನ್ ಕೊನೆಯವರೆಗೂ ಹೇಳುತ್ತಿದ್ದ. ಅಪ್ಪನನ್ನು ಬಿಟ್ಟುಕೊಡದ ಮಗನ ಮಾತು ಅದು, ಪೂರ್ತಿ ನಂಬಬೇಕಾಗಿಲ್ಲ. ಆದರೆ ಆ ವಯಸ್ಸಿನಲ್ಲಿ ಅವನು ಕಂಡುಕೊಂಡ ಒಂದು ಸತ್ಯ ಗಟ್ಟಿಯಾದದ್ದು. ಬಿದ್ದ ಮೇಲೆ ತಾನೂ ನಕ್ಕರೆ ಜನ ಕಡಿಮೆ ನಗುತ್ತಾರೆ, ತಾನು ಮುಖ ಬಿಗಿದುಕೊಂಡು ಎದ್ದರೆ ಬಿದ್ದು ಬಿದ್ದು ನಗುತ್ತಾರೆ. ಆ ನಗದ ಮುಖ ಯಾರೋ ಹೇಳಿಕೊಟ್ಟ ಅಭಿನಯವಾಗಿರಲಿಲ್ಲ. ಸಾವಿರಾರು ಪ್ರೇಕ್ಷಕರ ಮುಂದೆ ಬಿದ್ದೆದ್ದು ಅವನೇ ತೂಗಿ ನೋಡಿ ಇಟ್ಟುಕೊಂಡದ್ದು.

ಅಪ್ಪನ ಕುಡಿತ ಹೆಚ್ಚಿ 1917ರಲ್ಲಿ ಆಟ ನಿಂತಿತು. ಇಪ್ಪತ್ತೊಂದರ ಕೀಟನ್‌ಗೆ ನ್ಯೂಯಾರ್ಕಿನ ದೊಡ್ಡ ರಂಗಪ್ರದರ್ಶನವೊಂದರಲ್ಲಿ ವಾರಕ್ಕೆ 250 ಡಾಲರಿನ ಕೆಲಸ ಸಿಕ್ಕಿತ್ತು. ಅಷ್ಟರಲ್ಲಿ ಹಾಸ್ಯನಟ ರಾಸ್ಕೊ ಆರ್ಬಕಲ್ ಅವನನ್ನು ತನ್ನ ಸ್ಟುಡಿಯೊಗೆ ಕರೆದ. ‘ದಿ ಬುಚರ್ ಬಾಯ್’ ಎಂಬ ಕಿರುಚಿತ್ರದ ಕೆಲಸ ನಡೆದಿತ್ತು. ಕೀಟನ್‌ನ ಕಣ್ಣು ಬಿದ್ದದ್ದು ಕ್ಯಾಮೆರಾದ ಮೇಲೆ. ಅವನು ಆ ಯಂತ್ರವನ್ನು ಬಿಚ್ಚಿ, ಒಳಗೇನಿದೆ ಎಂದು ನೋಡಿ, ಮತ್ತೆ ಜೋಡಿಸಿದ. 250 ಡಾಲರನ್ನು ಬಿಟ್ಟು 40 ಡಾಲರಿಗೆ ಸಿನಿಮಾ ಸೇರಿದ. ಒಂದು ವಿದ್ಯೆಯನ್ನು ಬುಡದಿಂದ ಕಲಿಯಬೇಕೆನ್ನುವವನು ಮೊದಲು ಬಿಡುವುದು ಸಂಬಳವನ್ನೇ. ನಡುವೆ ಮೊದಲ ಮಹಾಯುದ್ಧಕ್ಕೆ ಫ್ರಾನ್ಸಿಗೆ ಹೋಗಿ, ಕಿವಿಯ ಸೋಂಕಿನಿಂದ ಶ್ರವಣಶಕ್ತಿಯನ್ನು ಭಾಗಶಃ ಕಳೆದುಕೊಂಡು ಬಂದ.

1920ರಲ್ಲಿ ನಿರ್ಮಾಪಕ ಜೋಸೆಫ್ ಶೆಂಕ್ ಕೀಟನ್‌ಗೆಂದೇ ಒಂದು ಸ್ಟುಡಿಯೊ ಮಾಡಿಕೊಟ್ಟ. ಮುಂದಿನ ಎಂಟು ವರ್ಷದಲ್ಲಿ ಅಲ್ಲಿಂದ ಹೊರಬಂದದ್ದು ಹತ್ತೊಂಬತ್ತು ಕಿರುಚಿತ್ರ, ಹತ್ತು ಪೂರ್ಣಪ್ರಮಾಣದ ಚಿತ್ರ. ಅಲ್ಲಿ ಕೆಲಸ ನಡೆಯುತ್ತಿದ್ದ ಕ್ರಮವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬರೆದಿಟ್ಟ ಚಿತ್ರಕಥೆ ಎಂಬುದೇ ಇರಲಿಲ್ಲ. ಆರಂಭ ಏನು, ಕೊನೆ ಏನು ಎಂಬುದು ಗೊತ್ತಾದರೆ ಸಾಕು, ನಡುವಿನದು ತಾನಾಗಿ ಬರುತ್ತದೆ ಎನ್ನುವುದು ಅವನ ನಂಬಿಕೆ. ಹಾಸ್ಯದ ಪ್ರಸಂಗ ಹೊಸೆಯಲು ಕ್ಲೈಡ್ ಬ್ರಕ್ಮನ್, ಜೀನ್ ಹವೆಜ್ ಮುಂತಾದ ನಾಲ್ಕಾರು ಜನ. ಕ್ಯಾಮೆರಾಕ್ಕೆ ಎಲ್ಜಿನ್ ಲೆಸ್ಲಿ. ಬೀಳುವ ಗೋಡೆ, ಮುಳುಗುವ ದೋಣಿ, ಗಿರಗಿರನೆ ತಿರುಗುವ ಮನೆ, ಏನು ಬೇಕೆಂದರೂ ಕಟ್ಟಿಕೊಡಲು ಫ್ರೆಡ್ ಗ್ಯಾಬೌರಿ. ದೃಶ್ಯವೊಂದು ಮುಂದೆ ಸಾಗದೆ ಸಿಕ್ಕಿಕೊಂಡರೆ ಎಲ್ಲರೂ ಕೆಲಸ ಬಿಟ್ಟು ಬೇಸ್‌ಬಾಲ್ ಆಡಲು ಹೋಗುತ್ತಿದ್ದರು. ಆಡುತ್ತಾ ಆಡುತ್ತಾ ಯಾರಿಗಾದರೂ ಏನಾದರೂ ಹೊಳೆದರೆ ಚೆಂಡು ಅಲ್ಲೇ ಬಿಟ್ಟು ವಾಪಸ್. ದೂರದಿಂದ ನೋಡಿದವರಿಗೆ ಸೋಮಾರಿಗಳ ಗುಂಪು. ಆ ಗುಂಪಿನಿಂದ ಬಂದ ದೃಶ್ಯಗಳನ್ನು ನೂರು ವರ್ಷವಾದರೂ ಸಿನಿಮಾ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದಾರೆ.

ಅವನಿಗೊಂದು ಹಟವಿತ್ತು. ಸಾಹಸವನ್ನು ತುಂಡು ತುಂಡು ಮಾಡಿ ಜೋಡಿಸಬಾರದು, ಕ್ಯಾಮೆರಾ ದೂರದಲ್ಲಿ ನಿಂತು ತಲೆಯಿಂದ ಕಾಲಿನವರೆಗೆ ಒಂದೇ ಓಟದಲ್ಲಿ ತೋರಿಸಬೇಕು. ಮೋಸ ಮಾಡಿದರೆ ಪ್ರೇಕ್ಷಕನಿಗೆ ಗೊತ್ತಾಗುತ್ತದೆ, ಗೊತ್ತಾದರೆ ನಗು ಸಾಯುತ್ತದೆ. 1924ರ ‘ಶೆರ್ಲಾಕ್ ಜೂನಿಯರ್’ನಲ್ಲಿ ಚಿತ್ರಮಂದಿರದ ಪ್ರೊಜೆಕ್ಟರ್ ನಡೆಸುವ ಹುಡುಗ ನಿದ್ದೆಹೋಗಿ, ಕನಸಿನಲ್ಲಿ ಎದ್ದು ಬಂದು ಎದುರಿನ ಬೆಳ್ಳಿತೆರೆಯೊಳಗೇ ಹೊಕ್ಕುಬಿಡುತ್ತಾನೆ. ಅವನು ಬೆಂಚಿನ ಮೇಲೆ ಕೂರಲು ಹೋದರೆ ಹಿಂದಿನ ದೃಶ್ಯ ಬದಲಾಗಿ ರಸ್ತೆಯಾಗುತ್ತದೆ, ನೀರಿಗೆ ಧುಮುಕಿದರೆ ಹಿಮದಲ್ಲಿ ತಲೆ ಹೂತುಹೋಗುತ್ತದೆ. ಹಿನ್ನೆಲೆ ಬದಲಾದರೂ ಅವನು ಮಾತ್ರ ಒಂದಂಗುಲವೂ ಸರಿದಂತೆ ಕಾಣಬಾರದು. ಅದಕ್ಕಾಗಿ ಭೂಮಾಪನದ ಉಪಕರಣ ಹಿಡಿದು ಅಳತೆ ಮಾಡಿ ಚಿತ್ರೀಕರಿಸಿದರು. ಅದೇ ಚಿತ್ರದ ಇನ್ನೊಂದು ದೃಶ್ಯದಲ್ಲಿ ರೈಲು ಎಂಜಿನ್ನಿಗೆ ನೀರು ತುಂಬುವ ಕೊಳವೆಯಿಂದ ರಭಸದ ನೀರು ಸುರಿದು ಅವನ ಕತ್ತು ಹಳಿಗೆ ಬಡಿಯಿತು. ತಲೆನೋವೆಂದು ಸುಮ್ಮನಾದ. ಕತ್ತಿನ ಮೂಳೆ ಮುರಿದು ತಾನೇ ಕೂಡಿಕೊಂಡಿದೆ ಎಂಬುದು ಹತ್ತಿರ ಹತ್ತಿರ ಹತ್ತು ವರ್ಷದ ಬಳಿಕ ಎಕ್ಸ್‌ರೇ ತೆಗೆದಾಗ ವೈದ್ಯರ ಕಣ್ಣಿಗೆ ಬಿತ್ತು.

ಈ ಬಗೆಯ ಕೆಲಸದ ಶಿಖರ 1926ರಲ್ಲಿ ಮಾಡಿದ ‘ದಿ ಜನರಲ್’. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1862ರಲ್ಲಿ, ನಿಜವಾಗಿ ನಡೆದ ರೈಲು ಎಂಜಿನ್ ಅಪಹರಣದ ಘಟನೆ ಅದಕ್ಕೆ ಆಧಾರ. ಹಳೆಯ ಕಾಲದ ಹಳಿಗಳನ್ನು ಹುಡುಕಿಕೊಂಡು ಆರೆಗನ್ ರಾಜ್ಯದ ಕಾಟೇಜ್ ಗ್ರೋವ್ ಊರಿಗೆ ಇಡೀ ತಂಡ ಹೋಯಿತು. ಸೈನಿಕರ ಪಾತ್ರಕ್ಕೆ ಅಲ್ಲಿನ ನ್ಯಾಷನಲ್ ಗಾರ್ಡ್‌ನ ನೂರಾರು ಜವಾನರು ಬಂದರು. ಉರಿಯುವ ಮರದ ಸೇತುವೆಯ ಮೇಲೆ ನಿಜವಾದ ಉಗಿಬಂಡಿಯನ್ನೇ ಓಡಿಸಿ ರೌ ನದಿಗೆ ಬೀಳಿಸಿದರು. ಎರಡನೆಯ ಅವಕಾಶವಿಲ್ಲದ ಆ ಒಂದು ದೃಶ್ಯಕ್ಕೇ 42,000 ಡಾಲರ್ ಖರ್ಚಾಯಿತೆನ್ನುತ್ತಾರೆ. ಎಂಜಿನ್ ಹೊಳೆಯಲ್ಲೇ ಬಿದ್ದಿತ್ತು. ಎರಡನೆಯ ಮಹಾಯುದ್ಧದ ಸಮಯದಲ್ಲಿ ಕಬ್ಬಿಣ ಬೇಕಾದಾಗ ಅದನ್ನು ಎತ್ತಿ ಗುಜರಿಗೆ ಹಾಕಿದರು.

ಚಿತ್ರ ಓಡಲಿಲ್ಲ. ವಿಮರ್ಶಕರು ಮೂಗು ಮುರಿದರು, ನಿರ್ಮಾಪಕ ಕೈ ಸುಟ್ಟುಕೊಂಡ. ಮುಂದಿನ ಚಿತ್ರಗಳ ಹೊತ್ತಿಗೆ ಖರ್ಚಿನ ಮೇಲೆ ಕಣ್ಣಿಡಲು ಮೇಲ್ವಿಚಾರಕನೊಬ್ಬ ಬಂದು ಕೂತ. ಇಲ್ಲಿ ಒಂದು ವಿಷಯ ಹೇಳಲೇಬೇಕು. ಸ್ಟುಡಿಯೊದ ಬಾಗಿಲ ಮೇಲೆ ಕೀಟನ್‌ನ ಹೆಸರಿತ್ತು. ಅವನಿಗೆ ಒಳ್ಳೆಯ ಸಂಬಳವಿತ್ತು, ಲಾಭದಲ್ಲಿ ಭಾಗವಿತ್ತು. ಆದರೆ ಕಂಪನಿಯ ಒಂದು ಷೇರೂ ಅವನದಾಗಿರಲಿಲ್ಲ. ಚಾಪ್ಲಿನ್ ತನ್ನ ಚಿತ್ರಗಳ ಒಡೆಯ, ಹೆರಾಲ್ಡ್ ಲಾಯ್ಡ್ ಕೂಡ ಹಾಗೆಯೇ. ಕೀಟನ್‌ಗೆ ದುಡ್ಡಿನ ವ್ಯವಹಾರ ಬೇಸರದ ವಿಷಯ. ಶೆಂಕ್ ಅವನ ಷಡ್ಡಕ, ಅಂದರೆ ಹೆಂಡತಿ ನಟಾಲಿಯ ಅಕ್ಕ ನಾರ್ಮಾ ಟಾಲ್ಮಡ್ಜ್‌ಳ ಗಂಡ. ಮನೆಯವನು ನೋಡಿಕೊಳ್ಳುತ್ತಾನೆ ಎಂದು ಬಿಟ್ಟುಬಿಟ್ಟಿದ್ದ.

ಆ ಮನೆಯವನೇ 1928ರಲ್ಲಿ ಸ್ಟುಡಿಯೊ ಮುಚ್ಚುವುದಾಗಿ ಹೇಳಿ, ತನ್ನ ತಮ್ಮ ನಿಕೋಲಸ್ ಶೆಂಕ್ ಮುಖ್ಯಸ್ಥನಾಗಿದ್ದ ಎಂಜಿಎಂ ಕಂಪನಿಗೆ ಹೋಗೆಂದ. ಹಾಲಿವುಡ್‌ನ ಅತ್ಯಂತ ಶ್ರೀಮಂತ ಸಂಸ್ಥೆ, ವಾರಕ್ಕೆ 3,000 ಡಾಲರ್. ಹೋಗಬೇಡ ಎಂದು ಚಾಪ್ಲಿನ್ ಹೇಳಿದ, ಲಾಯ್ಡ್ ಹೇಳಿದ. ಕೀಟನ್ ಸಹಿ ಹಾಕಿದ. 1960ರಲ್ಲಿ ಬಂದ ಆತ್ಮಕಥೆಯಲ್ಲಿ ಅವನು ಅದನ್ನು ತನ್ನ ಜೀವನದ ಅತಿ ದೊಡ್ಡ ತಪ್ಪೆಂದು ಕರೆದುಕೊಂಡಿದ್ದಾನೆ.

ಎಂಜಿಎಂನವರು ದುಷ್ಟರೇನೂ ಆಗಿರಲಿಲ್ಲ. ತಮಗೆ ಗೊತ್ತಿದ್ದ ರೀತಿಯಲ್ಲಿ ಸಿನಿಮಾ ಮಾಡುತ್ತಿದ್ದರು. ಅಲ್ಲಿ ಮೊದಲು ಚಿತ್ರಕಥೆ ಬರೆಯಬೇಕು, ಅದಕ್ಕೆ ಒಪ್ಪಿಗೆ ಸಿಗಬೇಕು, ಆಮೇಲೆ ವೇಳಾಪಟ್ಟಿ, ಅಂದಾಜು ವೆಚ್ಚ. ಮೊದಲ ಚಿತ್ರ ‘ದಿ ಕ್ಯಾಮೆರಾಮನ್’ನ ಕಥೆಗೆ ಇಪ್ಪತ್ತಕ್ಕೂ ಹೆಚ್ಚು ಬರಹಗಾರರು ಕೈ ಹಾಕಿದರೆಂದು ಕೀಟನ್ ನೆನೆದಿದ್ದಾನೆ. ಆ ಒಂದು ಚಿತ್ರದಲ್ಲಿ ಹೇಗೋ ಜಗಳವಾಡಿ ತನ್ನ ರೀತಿಯನ್ನು ಸ್ವಲ್ಪ ಉಳಿಸಿಕೊಂಡ, ಚಿತ್ರವೂ ಚೆನ್ನಾಗಿ ಬಂತು. ಅಲ್ಲಿಂದ ಮುಂದೆ ಬಾಗಿಲು ಒಂದೊಂದಾಗಿ ಮುಚ್ಚಿತು. ಬೆಲೆಬಾಳುವ ನಟನಿಗೆ ಪೆಟ್ಟಾಗಬಾರದೆಂದು ಸಾಹಸ ದೃಶ್ಯಗಳಿಗೆ ಡ್ಯೂಪ್ ಹಾಕಿದರು. ಅವನ ತಂಡದವರನ್ನು ಬೇರೆ ಬೇರೆ ಚಿತ್ರಗಳಿಗೆ ಹಂಚಿಬಿಟ್ಟರು. ನಿರ್ದೇಶನ ಇನ್ನೊಬ್ಬರ ಕೈಗೆ ಹೋಯಿತು. ಸನ್ನೆಯಲ್ಲೇ ಎಲ್ಲವನ್ನೂ ಹೇಳಬಲ್ಲವನ ಬಾಯಿಗೆ ಸಾಲುಸಾಲು ಚತುರೋಕ್ತಿ ತುರುಕಿದರು. ಮಾತಿನ ಮಲ್ಲ ಜಿಮ್ಮಿ ಡ್ಯುರಾಂಟಿಯನ್ನು ಪಕ್ಕಕ್ಕೆ ನಿಲ್ಲಿಸಿದರು.

ಮಾತಿನ ಚಿತ್ರ ಬಂದದ್ದರಿಂದ ಕೀಟನ್ ಮೂಲೆಗುಂಪಾದ ಎಂದು ಬಹಳ ಕಡೆ ಬರೆದಿದ್ದಾರೆ. ಅದು ಸರಿಯಲ್ಲ. ಅವನ ದನಿ ಚೆನ್ನಾಗಿತ್ತು, ಬಾಲ್ಯದಿಂದ ರಂಗದ ಮೇಲೆ ಮಾತಾಡಿದವನು. 1929ರ ‘ಸ್ಪೈಟ್ ಮ್ಯಾರೇಜ್’ ಚಿತ್ರವನ್ನು ಮಾತಿನ ಚಿತ್ರವಾಗಿಯೇ ಮಾಡೋಣ ಎಂದು ಕೇಳಿದವನೂ ಅವನೇ. ಕಂಪನಿ ಬೇಡವೆಂದಿತು.

ಇಲ್ಲಿ ಕಥೆ ಸರಳವಾಗಿದ್ದರೆ, ಹಿಡಿತ ಕಸಿದುಕೊಂಡ ಕಂಪನಿ ನಷ್ಟ ಅನುಭವಿಸಬೇಕಿತ್ತು. ಹಾಗಾಗಲಿಲ್ಲ. ಎಂಜಿಎಂನಲ್ಲಿ ಕೀಟನ್ ನಟಿಸಿದ ಆ ಸಪ್ಪೆ ಚಿತ್ರಗಳು ದುಡ್ಡು ಮಾಡಿದವು. ‘ದಿ ಜನರಲ್’ಗೆ ಬಾರದ ಜನ ಅವಕ್ಕೆ ಬಂದರು. ನಾವು ಹೇಳಿದ್ದೇ ಸರಿ ಎನ್ನಲು ಮೇಲಧಿಕಾರಿಗಳ ಬಳಿ ಲೆಕ್ಕದ ಪುಸ್ತಕವಿತ್ತು, ಕೀಟನ್‌ನ ಬಳಿ ಏನೂ ಇರಲಿಲ್ಲ. ಸ್ವಾತಂತ್ರ್ಯ ಕೊಟ್ಟರೆ ಲಾಭ ಬರುತ್ತದೆ ಎಂದು ಭಾಷಣ ಮಾಡುವವರು ಈ ಸಂಗತಿಯನ್ನು ಮರೆಯಬಾರದು. ಸ್ವಾತಂತ್ರ್ಯದಿಂದ ಹುಟ್ಟಿದ ಕೆಲಸ ಎಷ್ಟೋ ಸಲ ಮೊದಲು ನಷ್ಟವನ್ನೇ ತರುತ್ತದೆ. ಲೆಕ್ಕದ ಪುಸ್ತಕ ಸುಳ್ಳು ಹೇಳುವುದಿಲ್ಲ, ಆದರೆ ಅದು ಆ ವರ್ಷದ ಮಾರ್ಚಿಗೋ ಡಿಸೆಂಬರಿಗೋ ಮುಗಿದುಹೋಗುತ್ತದೆ. 1989ರಲ್ಲಿ ಅಮೆರಿಕ ತನ್ನ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಮೊದಲ ಬಾರಿಗೆ ಇಪ್ಪತ್ತೈದು ಚಿತ್ರಗಳನ್ನು ಆರಿಸಿದಾಗ ಅದರಲ್ಲಿ ‘ದಿ ಜನರಲ್’ ಇತ್ತು. ಲಾಭ ತಂದ ‘ಸ್ಪೀಕ್ ಈಸಿಲಿ’ಯನ್ನೋ ‘ವಾಟ್! ನೋ ಬಿಯರ್?’ ಅನ್ನೋ ಇವತ್ತು ನೋಡುವವರು ಕೀಟನ್‌ಗೆ ಏನಾಯಿತೆಂದು ತಿಳಿಯಲು ನೋಡುತ್ತಾರೆ, ನಗಲು ನೋಡುವುದಿಲ್ಲ.

ಉಳಿದದ್ದು ಬೇಗ ಕೆಟ್ಟಿತು. ಕುಡಿತ ಹತ್ತಿತು. 1932ರಲ್ಲಿ ನಟಾಲಿ ವಿಚ್ಛೇದನ ಪಡೆದಳು, ಇಬ್ಬರು ಗಂಡುಮಕ್ಕಳ ಹೆಸರಿನಿಂದ ಕೀಟನ್ ಎಂಬುದನ್ನು ತೆಗೆಸಿ ತನ್ನ ಮನೆತನದ ಹೆಸರು ಹಾಕಿಸಿದಳು. 1933ರಲ್ಲಿ ಕಂಪನಿ ಅವನನ್ನು ಹೊರಹಾಕಿತು. ಕುಡಿತಕ್ಕೆ ಕಂಪನಿಯೊಂದೇ ಕಾರಣ ಎಂದರೆ ತಪ್ಪಾಗುತ್ತದೆ. ಅಪ್ಪನ ಬಾಟಲಿ ಅವನು ಕಣ್ಣಾರೆ ಕಂಡದ್ದು, ಮನೆಯೂ ಮೊದಲೇ ಒಡೆದಿತ್ತು. ಆದರೆ ಬೆಳಗ್ಗೆ ಎದ್ದು ಹೋಗಲು ತನ್ನದೆನ್ನುವ ಕೆಲಸವಿಲ್ಲದ ಮನುಷ್ಯನಿಗೆ ಸಂಜೆಯ ಬಾಟಲಿಯನ್ನು ದೂರವಿಡುವುದು ಕಷ್ಟ.

ಕೆಲವು ವರ್ಷಗಳ ಬಳಿಕ ಅದೇ ಎಂಜಿಎಂ ಅವನನ್ನು ವಾರಕ್ಕೆ 100 ಡಾಲರಿಗೆ ಮತ್ತೆ ಕರೆಯಿತು. ತೆರೆಯ ಮೇಲೆ ಬರಲು ಕರೆದದ್ದಲ್ಲ. ಮಾರ್ಕ್ಸ್ ಸಹೋದರರಿಗೆ, ರೆಡ್ ಸ್ಕೆಲ್ಟನ್‌ಗೆ ಹಾಸ್ಯದ ಪ್ರಸಂಗ ಹೊಸೆದುಕೊಡಲು. ಕೀಟನ್ ಹೋದ. ಹೊಟ್ಟೆಪಾಡು ಹೌದು, ಆದರೆ ಆ ಕೆಲಸದಲ್ಲಿ ಅವನು ಕಹಿಯನ್ನು ಬೆರೆಸಲಿಲ್ಲ. 1940ರಲ್ಲಿ ಎಲಿನರ್ ನಾರಿಸ್ ಎಂಬ ಇಪ್ಪತ್ತೊಂದರ ನರ್ತಕಿಯನ್ನು ಮದುವೆಯಾದ. ತಿಂಗಳೊಪ್ಪತ್ತಿನ ಮದುವೆ ಎಂದು ಗೆಳೆಯರು ತಲೆಯಾಡಿಸಿದರು. ಅವಳು ಕೊನೆಯವರೆಗೂ ಜೊತೆಗಿದ್ದಳು, ಪ್ಯಾರಿಸ್ಸಿನ ಮೆಡ್ರಾನೊ ಸರ್ಕಸ್ಸಿನಲ್ಲಿ ಅವನೊಂದಿಗೆ ರಂಗವೇರಿದಳು.

1949ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಜೇಮ್ಸ್ ಏಜಿ ಮೂಕಿ ಹಾಸ್ಯದ ಬಗ್ಗೆ ದೀರ್ಘ ಲೇಖನ ಬರೆದಾಗ ಜನಕ್ಕೆ ಕೀಟನ್ ಮತ್ತೆ ನೆನಪಾದ. 1952ರ ‘ಲೈಮ್‌ಲೈಟ್’ನಲ್ಲಿ ಚಾಪ್ಲಿನ್ ಜೊತೆ ಒಂದೇ ರಂಗದ ಮೇಲೆ ಕಾಣಿಸಿಕೊಂಡ. ಅವನು ಕಳೆದುಕೊಂಡಿದ್ದ ಬಂಗಲೆ ಆ ಹೊತ್ತಿಗೆ ನಟ ಜೇಮ್ಸ್ ಮೇಸನ್‌ನ ಪಾಲಾಗಿತ್ತು. ಅಲ್ಲಿನ ಒಂದು ಕೋಣೆಯಲ್ಲಿ ಕೀಟನ್‌ನ ಹಳೆಯ ಚಿತ್ರಗಳ ಡಬ್ಬಿಗಳು ಸಿಕ್ಕವು. ರೇಮಂಡ್ ರೋಹಾವರ್ ಎಂಬ ಸಂಗ್ರಾಹಕ ಅವನ್ನೂ ಬೇರೆಡೆ ಉಳಿದಿದ್ದ ಪ್ರತಿಗಳನ್ನೂ ಹೊಸ ರೀಲಿಗೆ ಇಳಿಸಿ ಮತ್ತೆ ತೆರೆಗೆ ತಂದ. 1960ರಲ್ಲಿ ಗೌರವ ಆಸ್ಕರ್ ಬಂತು. 1965ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಇವೆಲ್ಲಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಅದೇ ಕಾಲದ ಒಂದು ಚಿಕ್ಕ ಘಟನೆ. 1964ರಲ್ಲಿ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್‌ಗಾಗಿ ‘ದಿ ರೈಲ್‌ರಾಡರ್’ ಎಂಬ ಕಿರುಚಿತ್ರದಲ್ಲಿ ಅವನು ನಟಿಸಿದ. ಹಳಿಯ ಮೇಲೆ ಓಡುವ ಪುಟ್ಟ ಗಾಡಿಯಲ್ಲಿ ಕೂತು ದೇಶವನ್ನು ಈ ಕಡಲಿಂದ ಆ ಕಡಲಿಗೆ ದಾಟುವ ಮುದುಕನ ಪಾತ್ರ. ಎತ್ತರದ ರೈಲು ಸೇತುವೆಯ ಮೇಲೆ ಗಾಡಿ ಓಡುವಾಗ ದೊಡ್ಡ ನಕ್ಷೆಯೊಂದು ಗಾಳಿಗೆ ಬಿಚ್ಚಿ ಅವನ ಮೈಗೆಲ್ಲ ಸುತ್ತಿಕೊಳ್ಳಬೇಕು ಎಂದು ಕೀಟನ್ ಸೂಚಿಸಿದ. ಅರುವತ್ತೊಂಬತ್ತರ ಮನುಷ್ಯ ಕೆಳಗೆ ಬಿದ್ದರೆ ಏನು ಗತಿ ಎಂದು ಯುವ ನಿರ್ದೇಶಕ ಜೆರಾಲ್ಡ್ ಪಾಟರ್ಟನ್ ಹಿಂಜರಿದ. ಅಪಾಯವಿಲ್ಲದ ಇನ್ನೊಂದು ಉಪಾಯ ಹೇಳಿದ. ಕೀಟನ್ ಸಿಟ್ಟಾದ, ವಾದಿಸಿದ. ಕೊನೆಗೆ ದೃಶ್ಯ ಅವನು ಹೇಳಿದಂತೆಯೇ ಚಿತ್ರೀಕರಣವಾಯಿತು. ಚಿತ್ರದ ಒಳ್ಳೆಯ ನಗುಗಳಲ್ಲಿ ಅದೊಂದು. ಆ ವಾಗ್ವಾದವೂ ಜೊತೆಗೆ ತೆಗೆದ ಸಾಕ್ಷ್ಯಚಿತ್ರದಲ್ಲಿ ದಾಖಲಾಗಿದೆ. ನಿರ್ದೇಶಕನಿಗೆ ಅವನ ಮೇಲಿದ್ದ ಕಾಳಜಿ ನಿಜವಾದದ್ದೇ. ಮೂವತ್ತು ವರ್ಷದ ಹಿಂದೆ ಎಂಜಿಎಂಗಿದ್ದ ಕಾಳಜಿಯೂ ನಿಜವಾದದ್ದೇ. ವ್ಯತ್ಯಾಸ ಇಷ್ಟು: ಪಾಟರ್ಟನ್ ಕೊನೆಗೆ ಕೆಲಸ ಬಲ್ಲವನ ಮಾತು ಕೇಳಿದ.

ಕೀಟನ್ 1966ರ ಫೆಬ್ರವರಿ 1ರಂದು ಎಪ್ಪತ್ತನೆಯ ವಯಸ್ಸಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ.

ಅವನಿಗಾದದ್ದು ಸಿನಿಮಾದವರಿಗೆ ಮಾತ್ರ ಆಗುವಂಥದ್ದಲ್ಲ. ಚೆನ್ನಾಗಿ ಪಾಠ ಮಾಡುವ ಮೇಷ್ಟರನ್ನು ಹೆಚ್ಚು ಸಂಬಳಕ್ಕೆ ಕರೆತಂದು, ದಿನಕ್ಕೊಂದು ನಮೂನೆ ತುಂಬಿಸುತ್ತಾ ಕೂರಿಸುವ ಶಾಲೆಗಳಿವೆ. ರೋಗಿಯ ಜೊತೆ ಅರ್ಧ ಗಂಟೆ ಮಾತಾಡಿ ಹೆಸರು ಗಳಿಸಿದ ವೈದ್ಯರನ್ನು ತಂದು, ಒಬ್ಬರಿಗೆ ಐದೇ ನಿಮಿಷ ಎನ್ನುವ ಆಸ್ಪತ್ರೆಗಳಿವೆ. ಹೆಸರಿಗಾಗಿ ಕರೆಯುತ್ತಾರೆ, ಆ ಹೆಸರು ಯಾವ ರೀತಿಯ ಕೆಲಸದಿಂದ ಬಂತೋ ಆ ರೀತಿಯನ್ನು ಮಾತ್ರ ಗೇಟಿನ ಹೊರಗೆ ನಿಲ್ಲಿಸುತ್ತಾರೆ. ಕೆಲಸಗಾರನೂ ಪೂರ್ತಿ ನಿರ್ದೋಷಿಯಲ್ಲ. ಸಂಬಳದ ಅಂಕಿ ನೋಡಿದ ಕಣ್ಣಿಗೆ ಉಳಿದ ಕರಾರು ಕಾಣುವುದಿಲ್ಲ. ಯಾರೋ ನಮ್ಮವರು ನೋಡಿಕೊಳ್ಳುತ್ತಾರೆ ಎಂಬ ಸೋಮಾರಿತನವೂ ಇರುತ್ತದೆ. ಕೀಟನ್‌ಗೆ ಎರಡೂ ಇದ್ದವು.

ಆದ್ದರಿಂದ ಕೆಲಸ ಕೊಡುವವರಲ್ಲಿ ಒಂದು ಮಾತು: ಬಲ್ಲವರನ್ನು ಕರೆತಂದರೆ ಅವರ ಕೆಲಸದ ರೀತಿಗೂ ಜಾಗ ಮಾಡಿಕೊಡಿ, ಇಲ್ಲವಾದರೆ ಕರೆಯಬೇಡಿ. ಸಹಿ ಹಾಕುವವರಲ್ಲಿ ಇನ್ನೊಂದು: ಎಷ್ಟು ಕೊಡುತ್ತಾರೆ ಎಂದು ಕೇಳಿದ ಮೇಲೆ, ನನ್ನ ಕೆಲಸದಲ್ಲಿ ಕೊನೆಯ ಮಾತು ಯಾರದು ಎಂದೂ ಕೇಳಿ. ಓದುಗರಲ್ಲಿ ಕೇಳಿಕೊಳ್ಳುವುದು ಇನ್ನೂ ಸುಲಭದ್ದು. ‘ದಿ ಜನರಲ್’ ಈಗ ಯಾರ ಸೊತ್ತೂ ಅಲ್ಲ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಮಾತಿಲ್ಲದ ಚಿತ್ರ, ಭಾಷೆಯ ತೊಡಕಿಲ್ಲ. ಈ ಭಾನುವಾರ ಒಂದೂಕಾಲು ಗಂಟೆ ಬಿಡುವು ಮಾಡಿಕೊಂಡು ಮಕ್ಕಳನ್ನೂ ಕೂರಿಸಿಕೊಂಡು ನೋಡಿ.